ಎಲ್ಲದಕ್ಕೂ 4 ಒತ್ತಿದ ಕಾಲೇಜು: ಒಂದು ಸರ್ವೆಯ ಪ್ರಕರಣ ಅಧ್ಯಯನ

ಮೊದ್ಲೇ ಹೇಳ್ಬಿಡ್ತೀನಿ, ಯಾವ ಕಾಲೇಜು, ಯಾವ ವರ್ಷ, ಯಾವ ಡಿಪಾರ್ಟ್‌ಮೆಂಟ್ ಅಂತ ಇಲ್ಲಿ ಬರೆಯಲ್ಲ. ಸರ್ವೆಯಲ್ಲಿ ಬಂದ ಅಂಕಿಗಳನ್ನೂ ಹಾಕಲ್ಲ, ಯಾಕಂದ್ರೆ ನಿಮ್ಮ ಉತ್ತರ ಈ ಕಾಲೇಜಿನ ಗೇಟ್ ದಾಟಲ್ಲ ಅಂತ ಆ ಹುಡುಗ್ರಿಗೆ ಮಾತು ಕೊಟ್ಟಿದ್ವಿ, ಆ ಮಾತಿನ ಮೇಲೇ ಅವ್ರು ಬಾಯಿ ಬಿಟ್ಟಿದ್ದು. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದ್ದೀನಿ. ಎಲ್ಲಿ ಎಡವಿದ್ವಿ, ಯಾವಾಗ ದಾರಿ ಬದಲಾಯಿಸಿದ್ವಿ ಅನ್ನೋದನ್ನ ಮಾತ್ರ ಇದ್ದಂಗೆ ಬರೆದಿದ್ದೀನಿ.

ಹಿನ್ನೆಲೆ

ಮಧ್ಯಮ ಗಾತ್ರದ ಕಾಲೇಜು. ಪ್ರತಿ ಸೆಮಿಸ್ಟರ್ ಕೊನೇಲಿ ಒಂದು ಫೀಡ್‌ಬ್ಯಾಕ್ ಫಾರ್ಮ್, 46 ಪ್ರಶ್ನೆ, ಎಲ್ಲದಕ್ಕೂ "ಖಂಡಿತ ಒಪ್ಪುವುದಿಲ್ಲ"ದಿಂದ "ಖಂಡಿತ ಒಪ್ಪುತ್ತೇನೆ" ತನಕ 1ರಿಂದ 5. 1932ರಲ್ಲಿ ರೆನ್ಸಿಸ್ ಲೈಕರ್ಟ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಈ ತರದ ಅಳತೆ ಮುಂದಿಟ್ಟ ಮೇಲೆ ಇದಿಲ್ಲದ ಫಾರ್ಮೇ ಇಲ್ಲ ಅನ್ನೋ ಹಾಗಾಗಿದೆ ಬಿಡಿ. ರೋಲ್ ನಂಬರ್ ಹಾಕಿ ಲಾಗಿನ್ ಆಗ್ಬೇಕು, ಕ್ಲಾಸಲ್ಲೇ ಕೂತು ಮೊಬೈಲಲ್ಲಿ ತುಂಬಬೇಕು, ಅದೇ ಸಬ್ಜೆಕ್ಟ್ ಲೆಕ್ಚರರ್ ಮುಂದೆ ನಿಂತು "ಬೇಗ ಬೇಗ ಮುಗಿಸಿ" ಅಂತಿರ್ತಾರೆ. ಎಷ್ಟೋ ವರ್ಷದಿಂದ ಸರಾಸರಿ ನಾಲ್ಕರ ಆಸುಪಾಸಲ್ಲೇ ನಿಂತಿದೆ, ಒಂದು ಕೂದಲೆಳೆ ಆ ಕಡೆ ಈ ಕಡೆ ಇಲ್ಲ. ವಾರ್ಷಿಕ ವರದಿಯಲ್ಲಿ ಅದಕ್ಕೊಂದು ಬಣ್ಣದ ಗ್ರಾಫ್ ಬೇರೆ.

ಇದರ ಪಕ್ಕದಲ್ಲೇ ಇನ್ನೊಂದು ಕಥೆ ನಡೀತಿತ್ತು. ಫಸ್ಟ್ ಇಯರಲ್ಲಿ ಫೇಲ್ ಆಗೋರು ಜಾಸ್ತಿ ಆಗ್ತಿದ್ರು. ವಾರಕ್ಕೊಂದು ಗಂಟೆ ಡೌಟ್ ಕೇಳೋಕೆ ಅಂತ ಇಟ್ಟಿದ್ರು, ಲೆಕ್ಚರರ್ ಒಬ್ಬರೇ ಖಾಲಿ ರೂಮಲ್ಲಿ ಕೂತು ಪೇಪರ್ ತಿದ್ದಿ ಎದ್ದು ಬರ್ತಿದ್ರು. ಆದ್ರೆ ಫಾರ್ಮಲ್ಲಿ "ಅರ್ಥವಾಗದಿದ್ದರೆ ಪ್ರಶ್ನೆ ಕೇಳಲು ನಾನು ಹಿಂಜರಿಯುವುದಿಲ್ಲ" ಅನ್ನೋದಕ್ಕೆ ಎಲ್ರೂ 4. ಮ್ಯಾನೇಜ್‌ಮೆಂಟ್ ಕಡೆಯಿಂದ ಬಂದ ತೀರ್ಮಾನ ಏನಪ್ಪಾ ಅಂದ್ರೆ, ಮಕ್ಕಳಿಗೆ ಡೌಟೇ ಇಲ್ಲ, ಆಸಕ್ತಿ ಇಲ್ಲ ಅಷ್ಟೆ, ಆ ಗಂಟೆ ತೆಗೆದು ಸ್ಫೂರ್ತಿ ಭಾಷಣ ಇಡೋಣ ಅಂತ. ಅಲ್ಲಿನ ಸ್ಟ್ಯಾಟಿಸ್ಟಿಕ್ಸ್ ಮೇಡಮ್ ಒಬ್ರಿಗೆ ಇದು ಸರಿ ಕಾಣಲಿಲ್ಲ. ಸರ್ವೆ ಪ್ರಶ್ನೆ ಬರೆಯೋದು ನನ್ನ ಕೆಲಸ ಅಂತ ಅವ್ರಿಗೆ ಗೊತ್ತಿತ್ತು, ಒಮ್ಮೆ ಬಂದು ನೋಡಿ ಅಂದ್ರು.

ನಾನು ಹೋಗಿ ಮಾಡಿದ ಮೊದಲ ಕೆಲಸ, ಫಾರ್ಮ್ ತುಂಬೋ ದಿನ ಹಿಂದಿನ ಬೆಂಚಲ್ಲಿ ಸುಮ್ನೆ ಕೂತಿದ್ದು. ಪಕ್ಕದ ಹುಡುಗ ಹೆಬ್ಬೆರಳಲ್ಲೇ ಸರಸರ ಅಂತ ಕೆಳಗಿಳೀತಿದ್ದ, 4, 4, 4, 4. "ಲ್ಯಾಬ್ ಉಪಕರಣಗಳು ಸುಸ್ಥಿತಿಯಲ್ಲಿವೆ" ಅಂತ ಬಂತು, ಅದಕ್ಕೂ 4. ಹೊರಗೆ ಬಂದ ಮೇಲೆ "ನಿಮ್ ಕೋರ್ಸ್‌ಗೆ ಲ್ಯಾಬ್ ಇದ್ಯಾ?" ಅಂತ ಕೇಳ್ದೆ. ಇಲ್ಲ ಸರ್ ಅಂದ. ಮತ್ತೆ 4 ಯಾಕೆ ಕೊಟ್ಟೆ ಅಂದಿದ್ದಕ್ಕೆ ಅವನು ಹೇಳಿದ ಮಾತನ್ನ ಆಮೇಲೆ ಎಷ್ಟೋ ಮೀಟಿಂಗಲ್ಲಿ ಹೇಳಿದ್ದೀನಿ: "5 ಕೊಟ್ರೆ ಓದ್ದೇ ಒತ್ತಿದಂಗೆ ಕಾಣತ್ತೆ, 3 ಕೊಟ್ರೆ ಕರೆದು ಯಾಕೆ ಅಂತಾರೆ, 4 ಸೇಫ್ ಸರ್."

ಅವನೇನೂ ಸೋಮಾರಿ ಅಲ್ಲ, ಲೆಕ್ಕ ಹಾಕಿಯೇ ಒತ್ತಿದ್ದ. ಅದೂ ಅಲ್ದೆ ಆ ಡೌಟ್ ಪ್ರಶ್ನೆಯನ್ನೇ ಇನ್ನೊಂದ್ಸಲ ಓದಿ ನೋಡಿ, ಅರ್ಥವಾಗದಿದ್ದರೆ ಅಂತ ಒಂದು ನಕಾರ, ಹಿಂಜರಿಯುವುದಿಲ್ಲ ಅಂತ ಇನ್ನೊಂದು, ಅದನ್ನ ಒಪ್ಪೋದಾ ಒಪ್ಪದೇ ಇರೋದಾ ಅಂತ ಮತ್ತೊಂದು. ಮೊಬೈಲ್ ಹಿಡ್ಕೊಂಡು ಬೆಲ್ ಹೊಡೆಯೋಕೆ ಕಾಯ್ತಿರೋನು ಇದನ್ನೆಲ್ಲ ಬಿಡಿಸಿ ನೋಡ್ತಾನಾ?

ಮೊದಲ ಪ್ರಯತ್ನ, ಅದು ಹಳ್ಳ ಹಿಡಿದಿದ್ದು

ನಮ್ಮ ಮೊದಲ ಐಡಿಯಾ ತುಂಬಾ ಸರಳ, ಈಗ ನೆನೆಸಿಕೊಂಡ್ರೆ ಸ್ವಲ್ಪ ನಾಚಿಕೆನೇ ಆಗತ್ತೆ. ರೋಲ್ ನಂಬರ್ ತೆಗೆದ್ವಿ, ಹೆಸರಿಲ್ಲದ ಒಂದು ಲಿಂಕ್ ಮಾಡಿ ಕ್ಲಾಸ್ ಗ್ರೂಪ್‌ಗಳಿಗೆ ಬಿಟ್ವಿ, ಇನ್ನು ಸತ್ಯ ತಾನಾಗೇ ಬರತ್ತೆ ಅಂತ ಕೂತ್ವಿ. ಬಂದಿದ್ದು ವೈಫೈ. ಹಾಸ್ಟೆಲ್ ವೈಫೈ ಬಗ್ಗೆ ಪುಟಗಟ್ಟಲೆ, ಕೆಲವರಂತೂ ಎರಡೆರಡು ಸಲ ತುಂಬಿದ್ರು. ಒಂದೇ ಸೆಕ್ಷನ್‌ನಿಂದ ರಾಶಿ ರಾಶಿ ಉತ್ತರ, ಉಳಿದ ಕಡೆಯಿಂದ ಹೆಚ್ಚುಕಮ್ಮಿ ಏನೂ ಇಲ್ಲ. ಫೇಲ್ ಆಗ್ತಿರೋ ಫಸ್ಟ್ ಇಯರ್ ಮಕ್ಕಳು ಲಿಂಕ್ ತೆರೆದೂ ನೋಡಿರಲಿಲ್ಲ, ಯಾಕೆ ನೋಡ್ತಾರೆ, ಕಾಲೇಜಿಂದ ಬರೋ ಮೆಸೇಜ್ ಅಂದ್ರೇನೇ ಅವ್ರಿಗೆ ಹೆದರಿಕೆ.

ಇದು ಹೊಸ ತಪ್ಪೇನಲ್ಲ. 1936ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಲಿಟರರಿ ಡೈಜೆಸ್ಟ್ ಅನ್ನೋ ಪತ್ರಿಕೆ ಸುಮಾರು 1 ಕೋಟಿ ಜನಕ್ಕೆ ಕಾರ್ಡ್ ಕಳಿಸ್ತು, 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂತು, ಹಾಗೆ ವಾಪಸ್ ಕಳಿಸಿದವ್ರನ್ನ ಮಾತ್ರ ಎಣಿಸಿ, ರೂಸ್‌ವೆಲ್ಟ್ ಎದುರು ನಿಂತಿದ್ದ ಲ್ಯಾಂಡನ್ ಗೆಲ್ತಾರೆ ಅಂತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ರು. ಅದಕ್ಕಿಂತ ಎಷ್ಟೋ ಚಿಕ್ಕ ಸ್ಯಾಂಪಲ್ ಇಟ್ಕೊಂಡ ಜಾರ್ಜ್ ಗ್ಯಾಲಪ್, ಗೆಲ್ಲೋರು ಯಾರು ಅಂತ ಸರಿಯಾಗಿ ಹೇಳಿದ್ರು. ಇದನ್ನ ನಾನು ಬೇರೆಯವ್ರಿಗೆ ಪಾಠ ಮಾಡಿದ್ದೀನಿ, ಆದ್ರೂ ನನ್ನ ಕೈಯಲ್ಲೇ ಇದೇ ಆಯ್ತು, ಲಿಂಕ್ ಕಳಿಸೋದು ಅಷ್ಟು ಸುಲಭ ನೋಡಿ.

ವೈಸ್ ಪ್ರಿನ್ಸಿಪಾಲ್‌ಗೆ ಮಾತ್ರ ಈ ರಿಸಲ್ಟ್ ಭಾರಿ ಇಷ್ಟ ಆಯ್ತು. ವೈಫೈ ತೊಂದ್ರೆ ಅಲ್ವಾ, ಸರಿಮಾಡಿಸೋಣ ಬಿಡಿ ಅಂದ್ರು, ಮಾಡಿಸಿದ್ರು ಕೂಡ. ಹಾಸ್ಟೆಲ್ ಹುಡುಗ್ರು ಖುಷಿಯಾದ್ರು. ಡೌಟ್ ಗಂಟೆ ಖಾಲಿಯಾಗೇ ಉಳೀತು.

ಸ್ಟಾಫ್ ರೂಮಲ್ಲಿ ಅಷ್ಟೊತ್ತಿಗೆ ಇನ್ನೊಂದು ರಾಗ ಶುರುವಾಗಿತ್ತು, ಈಗಿನ ಹುಡುಗ್ರಿಗೆ ದುಡ್ಡೊಂದೇ ಬೇಕು, ಓದು ಬೇಡ ಅಂತ. ಇದಕ್ಕೆ ಸ್ಟ್ಯಾಟಿಸ್ಟಿಕ್ಸ್ ಮೇಡಮ್ ಕೊಟ್ಟ ಉತ್ತರ ಚೆನ್ನಾಗಿತ್ತು. ಅಮೆರಿಕದಲ್ಲಿ 1966ರಿಂದ ಅಲೆಕ್ಸಾಂಡರ್ ಆಸ್ಟಿನ್ ಶುರುಮಾಡಿದ ಒಂದು ಸರ್ವೆ ಇದೆ, ಕಾಲೇಜಿಗೆ ಕಾಲಿಡೋ ಹೊಸ ಮಕ್ಕಳನ್ನ ವರ್ಷವರ್ಷ ಕೇಳ್ತಾರೆ, ಎಷ್ಟೋ ಪ್ರಶ್ನೆ ಬದಲಾಗದೇ ಹಾಗೇ ಉಳಿದಿದೆ. 60ರ ದಶಕದ ಕೊನೇಲಿ ಬದುಕಿಗೊಂದು ಅರ್ಥಪೂರ್ಣ ತತ್ವ ಕಂಡ್ಕೊಳ್ಳೋದು ಮುಖ್ಯ ಅಂದೋರು 100ಕ್ಕೆ 80ಕ್ಕಿಂತ ಹೆಚ್ಚು, ಚೆನ್ನಾಗಿ ದುಡ್ಡು ಮಾಡೋದು ಮುಖ್ಯ ಅಂದೋರು ಅರ್ಧಕ್ಕಿಂತ ಕಮ್ಮಿ. 80ರ ದಶಕದ ಹೊತ್ತಿಗೆ ಎರಡೂ ಅದಲುಬದಲು. "ಅಂದ್ರೆ ದುಡ್ಡು ಮುಖ್ಯ ಅಂದ ಆ ಹುಡುಗ್ರು ಈಗ ನಮ್ಮ ವಯಸ್ಸು ದಾಟಿ ರಿಟೈರ್ ಆಗಿದಾರೆ ಸರ್, ಈಗಿನ ಹುಡುಗ್ರು ಅಂತ ಯಾರಿಗೆ ಹೇಳ್ತಿದೀರಿ" ಅಂದ್ರು ಮೇಡಮ್. ಸ್ವಲ್ಪ ಹೊತ್ತು ಎಲ್ರೂ ಸುಮ್ನಾದ್ರು.

ಕಾರಿಡಾರ್‌ನಲ್ಲಿ ಸಿಕ್ಕ ಪ್ರಶ್ನೆ

ಎರಡನೇ ಸಲ ಸ್ವಲ್ಪ ಬುದ್ಧಿ ಉಪಯೋಗಿಸಿದ್ವಿ. ಅಟೆಂಡೆನ್ಸ್ ಲಿಸ್ಟಿಂದ ಚೀಟಿ ಎತ್ತಿ ಹೆಸರು ಆರಿಸೋದು, ಆರಿಸಿದವ್ರು ಬರದಿದ್ರೆ ಬೇರೆಯವ್ರನ್ನ ಹಿಡಿದು ಭರ್ತಿ ಮಾಡದೆ ಅವ್ರನ್ನೇ ಮತ್ತೆ ಮತ್ತೆ ಕೇಳೋದು, ಪೇಪರಲ್ಲಿ ಬರೆಸೋದು, ಬೀಗ ಹಾಕಿದ ಡಬ್ಬಿಗೆ ಅವ್ರೇ ಹಾಕೋದು, ರೂಮಲ್ಲಿ ಕಾಲೇಜಿನ ಸ್ಟಾಫ್ ಯಾರೂ ಇರಬಾರದು. ಪ್ರಶ್ನೆ 12ಕ್ಕಿಂತ ಒಂದೂ ಜಾಸ್ತಿ ಬೇಡ ಅಂತ ನಾನು ಹಟ ಹಿಡಿದೆ. ಅಲ್ಲಿ ನಿಜವಾದ ಜಗಳ ಆಯ್ತು, ಲೈಬ್ರರಿಯವ್ರಿಗೆ ಅವ್ರ ಪ್ರಶ್ನೆ ಬೇಕು, ಸ್ಪೋರ್ಟ್ಸ್‌ನವ್ರಿಗೆ ಅವ್ರದ್ದು, ಕ್ಯಾಂಟೀನ್ ಕಮಿಟಿಯವ್ರಿಗೆ ಅವ್ರದ್ದು, ಹೆಂಗೂ ಕೇಳ್ತಿದ್ದೀರಲ್ಲ ಇದೊಂದು ಸೇರಿಸಿ ಅಂತ. ಆ 46 ಪ್ರಶ್ನೆ ಹುಟ್ಟಿದ್ದೂ ಹೀಗೇ ಇರ್ಬೇಕು, ಒಂದೊಂದಾಗಿ, ಯಾರ ಮನಸ್ಸನ್ನೂ ನೋಯಿಸಬಾರದು ಅಂತ.

ಪ್ರಶ್ನೆಗಳ ಕ್ರಮದಲ್ಲೂ ಒಂದು ಎಡವಟ್ಟು ಆಗೋದ್ರಲ್ಲಿತ್ತು. ನನ್ನ ಡ್ರಾಫ್ಟಲ್ಲಿ ಮೊದಲು ಪರೀಕ್ಷೆ ಒತ್ತಡದ ಪ್ರಶ್ನೆ, ಆಮೇಲೆ "ಒಟ್ಟಾರೆ ಕಾಲೇಜ್ ಜೀವನ ಹೇಗಿದೆ" ಅಂತ ಇತ್ತು. ಮೇಡಮ್ ನೋಡಿದ್ದೇ ಹಿಂದಕ್ಕೆ ತಳ್ಳಿದ್ರು. 1988ರಲ್ಲಿ ಸ್ಟ್ರ್ಯಾಕ್, ಮಾರ್ಟಿನ್, ಶ್ವಾರ್ಜ್ ಅನ್ನೋ ಮೂವರು ಸಂಶೋಧಕರು ಕಾಲೇಜ್ ವಿದ್ಯಾರ್ಥಿಗಳಿಗೆ ಎರಡು ಪ್ರಶ್ನೆ ಕೇಳಿದ್ದು ನೆನಪಿದ್ಯಾ ಅಂದ್ರು, ಬದುಕಲ್ಲಿ ಎಷ್ಟು ಖುಷಿಯಾಗಿದ್ದೀರಿ, ಡೇಟಿಂಗ್ ಎಷ್ಟು ನಡೀತಿದೆ ಅಂತ. ಖುಷಿ ಪ್ರಶ್ನೆ ಮೊದಲು ಕೇಳಿದಾಗ ಎರಡಕ್ಕೂ ಸಂಬಂಧನೇ ಕಾಣಲಿಲ್ಲ, ಡೇಟಿಂಗ್ ಮೊದಲು ಕೇಳಿದಾಗ ಸಹಸಂಬಂಧ (0 ಅಂದ್ರೆ ಸಂಬಂಧನೇ ಇಲ್ಲ, 1 ಅಂದ್ರೆ ಎರಡೂ ಪೂರ್ತಿ ಒಟ್ಟಿಗೇ ಏರಿಳಿಯತ್ತೆ) 0.66ಕ್ಕೆ ಏರಿತ್ತು. ಅದೇ ತರದ ಹುಡುಗ್ರು, ಅದೇ ಪ್ರಶ್ನೆ, ಮೊದಲು ಕೇಳಿದ್ದರ ಗುಂಗಲ್ಲೇ ಎರಡನೆಯದಕ್ಕೂ ಉತ್ತರ. ನಾವು ಒಟ್ಟಾರೆ ಪ್ರಶ್ನೆಯನ್ನ ಮೊದಲಿಗೆ ತಂದ್ವಿ.

ಕಾಪಿ ಹೊಡೆಯೋದ್ರ ಬಗ್ಗೆ ಒಂದು ಪ್ರಶ್ನೆ ಬೇಕೇ ಬೇಕು ಅಂತ ಪ್ರಿನ್ಸಿಪಾಲ್ ಹೇಳಿದ್ರು. ನೇರ ಕೇಳಿದ್ರೆ ಯಾರು ಹೂಂ ಅಂತಾರೆ? 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಇಂಥ ನಾಚಿಕೆ ಪ್ರಶ್ನೆಗಳಿಗೇ ಅಂತ ಒಂದು ಉಪಾಯ ಕೊಟ್ಟಿದ್ರು, ಅದರ ಒಂದು ಸುಲಭ ರೂಪ ನಾವು ತಗೊಂಡ್ವಿ. ಎಲ್ರೂ ಒಂದು ನಾಣ್ಯ ಹಾರಿಸಬೇಕು, ಬೇರೆ ಯಾರೂ ನೋಡಬಾರದು. ತಲೆ ಬಿದ್ರೆ ಕಣ್ಣುಮುಚ್ಕೊಂಡು ಹೌದು ಅಂತ ಬರೀಬೇಕು, ಇನ್ನೊಂದು ಬದಿ ಬಿದ್ರೆ ಮಾತ್ರ ನಿಜ ಬರೀಬೇಕು. 100 ಜನ ಇದ್ರೆ ಸುಮಾರು 50 ಹೌದು ನಾಣ್ಯದ್ದೇ, ಅದನ್ನ ಕಳೆದು ಉಳಿದ ಹೌದುಗಳನ್ನ ಇನ್ನುಳಿದ 50ರ ಮೇಲೆ ಲೆಕ್ಕ ಹಾಕಿದ್ರೆ ಅಂದಾಜು ಸಿಕ್ತು, ಯಾರೊಬ್ಬರ ಹೌದು ಯಾವ ಹೌದು ಅಂತ ದೇವರಿಗೂ ಗೊತ್ತಾಗಲ್ಲ. ಕಾಗದದ ಮೇಲೆ ತುಂಬಾ ಚೆಂದ. ರೂಮಲ್ಲಿ ಏನಾಯ್ತು ಅಂದ್ರೆ ನಾಣ್ಯ ಬೆಂಚಿನ ಕೆಳಗೆ ಉರುಳಿ ಹೋಯ್ತು, ಪಕ್ಕದವ್ರು ಇಣುಕಿ ನಕ್ಕರು, ಒಬ್ಬ ಅಂತೂ "ನಾನು ಕಾಪಿನೇ ಹೊಡೆದಿಲ್ಲ, ನಾಣ್ಯ ಹೇಳ್ತು ಅಂತ ಯಾಕೆ ಹೌದು ಬರೀಲಿ" ಅಂತ ವಾದಕ್ಕೇ ನಿಂತ. ಅವನ ಮಾತೂ ನ್ಯಾಯವೇ. ಅಷ್ಟು ಕಡಿಮೆ ಜನರ ಲೆಕ್ಕದಲ್ಲಿ ನಾಣ್ಯದ ಏರುಪೇರೇ ಉತ್ತರನ ನುಂಗಿಹಾಕತ್ತೆ ಬೇರೆ. ಆ ಪ್ರಶ್ನೆ ಕೈಬಿಟ್ವಿ, ಪ್ರಿನ್ಸಿಪಾಲ್‌ಗೆ ಹಾಗೇ ಹೇಳಿದ್ವಿ.

ನಿಜವಾದ ತಿರುವು ಬಂದಿದ್ದು ಇವೆಲ್ಲದರ ಮಧ್ಯೆ, ಪ್ರಶ್ನೆ ಅರ್ಥ ಆಗತ್ತಾ ಇಲ್ವಾ ಅಂತ ಕಾರಿಡಾರ್‌ನಲ್ಲಿ ಕೆಲವು ಮಕ್ಕಳಿಗೆ ಓದಿ ಹೇಳ್ತಿದ್ದಾಗ. ಕ್ಲಾಸಲ್ಲಿ ಅರ್ಥ ಆಗದಿದ್ದಾಗ ಏನ್ಮಾಡ್ತೀಯ ಅಂತ ಒಬ್ಬ ಹುಡುಗಿನ ಕೇಳಿದೆ. "ಸುಮ್ನಿರ್ತೀನಿ ಸರ್, ನಂಗೊಬ್ಬಳಿಗೆ ಅರ್ಥ ಆಗಿಲ್ಲ ಅಂತ ಉಳಿದೋರ ಟೈಮ್ ಯಾಕೆ ಹಾಳು ಮಾಡ್ಲಿ, ಅವ್ರೆಲ್ಲ ಬರ್ಕೊಂಡು ತಲೆ ಆಡಿಸ್ತಿರ್ತಾರೆ." ಸರಿ ಅಂತ ಬರ್ಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಬ್ಬ ಹುಡುಗ ಬಂದ, ಅವನೂ ಬೇರೆ ಮಾತಲ್ಲಿ ಅದನ್ನೇ ಹೇಳಿದ, ಎಲ್ರಿಗೂ ಅರ್ಥ ಆಗಿರತ್ತೆ, ನಾನೇ ದಡ್ಡ ಅಂತ ಗೊತ್ತಾಗತ್ತೆ ಅಂತ. ಯಾವ ಕ್ಲಾಸಪ್ಪಾ ಅಂತ ಕೇಳಿದ್ರೆ ಇಬ್ರೂ ಒಂದೇ ಕ್ಲಾಸು, ಎರಡು ಬೆಂಚು ಹಿಂದೆ ಮುಂದೆ. ಅವಳು ನೋಡಿದ ತಲೆ ಆಡಿಸೋರಲ್ಲಿ ಇವನೂ ಒಬ್ಬ.

ಮೇಡಮ್‌ಗೆ ಫೋನ್ ಮಾಡಿ, ಫಾರ್ಮಲ್ಲಿ ಒಂದು ಪ್ರಶ್ನೆ ಎರಡು ಸಲ ಬೇಕು ಅಂದೆ. ಮೊದಲು: ಈ ಸಬ್ಜೆಕ್ಟಲ್ಲಿ ನಿಮಗೆ ಅರ್ಥವಾಗದೇ ಉಳಿದದ್ದು ಎಷ್ಟಿದೆ? ಆಮೇಲೆ: ನಿಮ್ಮ ಕ್ಲಾಸಿನ ಉಳಿದವರಿಗೆ ಅರ್ಥವಾಗದೇ ಉಳಿದದ್ದು ಎಷ್ಟಿರಬಹುದು?

ಇದೂ ಹಳೇ ವಿಷಯವೇ. 1931ರಲ್ಲಿ ಡೇನಿಯಲ್ ಕಾಟ್ಜ್ ಮತ್ತು ಫ್ಲಾಯ್ಡ್ ಆಲ್‌ಪೋರ್ಟ್ ಸಿರಾಕ್ಯೂಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸರ್ವೆ ಪ್ರಕಟಿಸಿದಾಗಲೇ ಇದಕ್ಕೊಂದು ಹೆಸರು ಬಿತ್ತು, ಪ್ಲೂರಲಿಸ್ಟಿಕ್ ಇಗ್ನೊರೆನ್ಸ್ ಅಂತ. ಒಬ್ಬೊಬ್ಬರ ಮನಸ್ಸಲ್ಲಿ ಒಂದಿರತ್ತೆ, ಉಳಿದೋರೆಲ್ಲ ಬೇರೆ ಅಂದ್ಕೊಂಡಿದಾರೆ ಅನ್ನೋ ಭ್ರಮೇಲಿ ಎಲ್ರೂ ಬಾಯಿಮುಚ್ಕೊಂಡಿರ್ತಾರೆ. 1993ರಲ್ಲಿ ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ ಪ್ರಿನ್ಸ್‌ಟನ್‌ನಲ್ಲಿ ಕುಡಿತದ ಬಗ್ಗೆ ಕೇಳಿದ್ರು, ಕ್ಯಾಂಪಸ್‌ನ ಕುಡಿತ ನಿನಗೆ ಎಷ್ಟು ಸರಿ ಅನ್ಸತ್ತೆ, ಉಳಿದ ವಿದ್ಯಾರ್ಥಿಗಳಿಗೆ ಎಷ್ಟು ಸರಿ ಅನ್ನಿಸಬಹುದು ಅಂತ. ತಮಗಿಂತ ಉಳಿದವರೇ ಹೆಚ್ಚು ಆರಾಮಾಗಿದ್ದಾರೆ ಅಂದ್ಕೊಂಡಿದ್ರು ಹುಡುಗ್ರು. ಎಲ್ರೂ ಸರಾಸರಿಗಿಂತ ಹೆಚ್ಚು ಮುಜುಗರದಲ್ಲಿ ಇರೋಕೆ ಸಾಧ್ಯ ಇಲ್ಲವಲ್ಲ, ಲೆಕ್ಕ ಎಲ್ಲೋ ತಪ್ಪಿದೆ ಅಂತ ಅಲ್ಲೇ ಗೊತ್ತಾಗತ್ತೆ.

ನಮ್ಮ ಡಬ್ಬಿ ತೆಗೆದು ಎಣಿಸಿದಾಗ ಎರಡೂ ಪ್ರಶ್ನೆಗಳ ನಡುವೆ ಕಣ್ಣಿಗೆ ಹೊಡೆಯೋ ಅಂತರ. ಹೆಚ್ಚಿನವ್ರು ತಮಗೆ ಅರ್ಥವಾಗದೇ ಉಳಿದದ್ದು ತುಂಬಾ ಇದೆ ಅಂದಿದ್ರು, ಕ್ಲಾಸಿನ ಉಳಿದವ್ರಿಗೆ ಅಷ್ಟಿಲ್ಲ ಅಂತಲೂ ಅವ್ರೇ ಬರೆದಿದ್ರು. ಆಸಕ್ತಿ ಇಲ್ಲ ಅನ್ನೋ ಕಥೆ ಅಲ್ಲಿಗೆ ನಿಂತೋಯ್ತು. ಡೌಟ್ ಗಂಟೆಗೆ ಹೋದ್ರೆ "ಅರ್ಥ ಆಗದ ಒಬ್ಬನೇ ಒಬ್ಬ" ಅಂತ ಬೋರ್ಡ್ ಹಾಕ್ಕೊಂಡು ನಿಂತಂಗೆ, ಅದಕ್ಕೇ ರೂಮ್ ಖಾಲಿ.

ಹೇಗೆ ಹೇಳೋದು ಅನ್ನೋ ತಲೆನೋವು

ಪ್ರಿನ್ಸಿಪಾಲ್‌ಗೆ ಮೊದಲು ಹೊಳೆದಿದ್ದು ಲೆಕ್ಚರರ್‌ಗಳ ಮರ್ಯಾದೆ. ಇಷ್ಟು ಜನಕ್ಕೆ ಅರ್ಥ ಆಗ್ತಿಲ್ಲ ಅಂತ ಹೊರಗೆ ಬಂದ್ರೆ ಪಾಠ ಮಾಡೋರ ಗತಿ ಏನು ಅಂದ್ರು. ಅವ್ರ ಭಯ ಸುಳ್ಳೇನಲ್ಲ. ಪೋಸ್ಟರ್ ಮಾಡಿ ಎಲ್ಲ ಕಡೆ ಅಂಟಿಸೋಣ ಅಂತ ಇನ್ನೊಬ್ರು. ನಾನು ಅದಕ್ಕೆ ಒಪ್ಪಲಿಲ್ಲ. "ಹೆಚ್ಚಿನ ವಿದ್ಯಾರ್ಥಿಗಳು ಮಿತವಾಗಿ ಕುಡೀತಾರೆ" ಅಂತ ಕ್ಯಾಂಪಸ್ ತುಂಬಾ ಪ್ರಚಾರ ಮಾಡೋ ಯೋಜನೆಗಳನ್ನ ಅಮೆರಿಕದಲ್ಲಿ ಹೆನ್ರಿ ವೆಕ್ಸ್‌ಲರ್ ತಂಡ 2003ರಲ್ಲಿ ಪರೀಕ್ಷಿಸಿ ನೋಡಿತ್ತು, ಕುಡಿತ ಕಮ್ಮಿಯಾದದ್ದು ಕಾಣಲಿಲ್ಲ. ಆದ್ರೆ 1998ರಲ್ಲಿ ಶ್ರೋಡರ್ ಮತ್ತು ಪ್ರೆಂಟಿಸ್ ಹೊಸ ವಿದ್ಯಾರ್ಥಿಗಳನ್ನ ಗುಂಪಲ್ಲಿ ಕೂರಿಸಿ ಈ ತಪ್ಪು ಅಂದಾಜಿನ ಬಗ್ಗೆಯೇ ಮಾತಾಡಿಸಿದಾಗ, ತಿಂಗಳುಗಳ ನಂತರವೂ ಅವ್ರು ಕಮ್ಮಿ ಕುಡೀತಿದ್ರು. ಗೋಡೆ ಮೇಲಿನ ಪೋಸ್ಟರ್ ಎಷ್ಟು ಬೇಕಾದ್ರೂ ಹೇಳ್ಲಿ, ಪಕ್ಕದಲ್ಲಿ ಕೂತೋನ ಮುಖ ನೋಡಿದಾಗ ನಂಬಿಕೆ ಬರೋದೇ ಬೇರೆ. ಆಯಾ ಕ್ಲಾಸಿನ ಉತ್ತರ ಆಯಾ ಕ್ಲಾಸಿಗೆ ಮಾತ್ರ, ಬಾಯಲ್ಲೇ ಹೇಳೋದು ಅಂತ ನಿರ್ಧಾರ ಆಯ್ತು. ಲೆಕ್ಚರರ್‌ಗಳ ಹೆಸರು ಎಲ್ಲೂ ಬರಲ್ಲ ಅಂದ ಮೇಲೆ ಪ್ರಿನ್ಸಿಪಾಲ್ ಒಪ್ಪಿದ್ರು.

ಎರಡು ಸೆಕ್ಷನ್ ಹೇಳ್ತೀನಿ, ಒಂದೇ ಸಿಲಬಸ್, ಲೆಕ್ಚರರ್ ಬೇರೆ. ಮೊದಲನೆಯವ್ರು ಬೋರ್ಡ್ ಮೇಲೆ ಎರಡು ಕಂಬ ಬರೆದ್ರು, ಒಂದು ಉದ್ದ, ಒಂದು ಗಿಡ್ಡ. "ಇದು ನಿಮಗೆ ಅರ್ಥ ಆಗದೇ ಇರೋದು, ಇದು ಪಕ್ಕದವ್ರಿಗೆ ಅರ್ಥ ಆಗಿಲ್ಲ ಅಂತ ನೀವು ಅಂದ್ಕೊಂಡಿರೋದು. ಪಕ್ಕದವ್ರೂ ನಿಮ್ಮ ಬಗ್ಗೆ ಇದನ್ನೇ ಬರೆದಿದ್ದಾರೆ" ಅಂದು ಚಾಕ್ ಕೆಳಗಿಟ್ರು. ಆಮೇಲೆ ಅವ್ರು ಒಂದು ಮಾತು ಸೇರಿಸಿದ್ರು, ಅದು ನಮ್ಮ ಪ್ಲಾನಲ್ಲಿ ಇರಲೇ ಇಲ್ಲ: ನಾನು ಓದೋವಾಗ ಇದೇ ಚಾಪ್ಟರ್ ಎರಡು ಸಲ ಫೇಲ್ ಆಗಿ ಕಲಿತೆ ಅಂತ. ಸ್ವಲ್ಪ ಹೊತ್ತು ನಿಶ್ಶಬ್ದ, ಹಿಂದಿಂದ ಯಾರೋ ಕಿಸಕ್ಕಂತ ನಕ್ಕರು, ಆಮೇಲೆ ಒಬ್ಬಳು ಕೈಯೆತ್ತಿ ಹೋದ ತಿಂಗಳ ಪಾಠದ ಡೌಟ್ ಕೇಳಿದ್ಲು. ಹೋದ ತಿಂಗಳದ್ದು! ಅಷ್ಟು ದಿನ ಇಟ್ಕೊಂಡಿದ್ಲು. ಅಲ್ಲಿಂದ ಅವ್ರು ಡೌಟ್ ಗಂಟೆನ ಚೀಟಿ ಗಂಟೆ ಮಾಡಿದ್ರು, ಹೆಸರಿಲ್ಲದ ಚೀಟಿ ಡಬ್ಬಿಗೆ ಹಾಕೋದು, ಅವ್ರು ತೆಗೆದು ಓದೋದು. ಕೆಲವು ವಾರ ಆದ್ಮೇಲೆ ಚೀಟಿ ಕಮ್ಮಿಯಾಗಿ ಕೈಗಳು ಜಾಸ್ತಿಯಾದ್ವು ಅಂತ ಮೇಡಮ್ ಹೇಳಿದ್ರು.

ಎರಡನೇ ಸೆಕ್ಷನಲ್ಲಿ ಅದೇ ಎರಡು ಕಂಬ, ಆದ್ರೆ ಲೆಕ್ಚರರ್ ಅಂದಿದ್ದು "ಅರ್ಥ ಆಗಿಲ್ಲ ಅಂತ ಬರೆಯೋಕೆ ಬರತ್ತೆ, ಬಾಯಿಬಿಟ್ಟು ಕೇಳೋಕೆ ಏನು ಕಷ್ಟ ನಿಮಗೆ?" ಮುಗೀತು. ಅವ್ರು ಕೆಟ್ಟವರೇನಲ್ಲ, ಅವ್ರಿಗೆ ನಿಜಕ್ಕೂ ಬೇಜಾರಾಗಿತ್ತು, ಇಷ್ಟು ವರ್ಷ ತಲೆ ಆಡಿಸಿ ನನ್ನ ಮೋಸ ಮಾಡಿದ್ರಲ್ಲ ಅನ್ನೋ ತರ. ಅಲ್ಲಿ ಡೌಟ್ ಗಂಟೆ ಖಾಲಿಯೇ ಉಳೀತು, ಮುಂದಿನ ಸಲ ನಾವು ಪೇಪರ್ ಹಿಡ್ಕೊಂಡು ಹೋದಾಗ ಆ ಸೆಕ್ಷನ್‌ನ ಆರಿಸಿದ ಮಕ್ಕಳಲ್ಲಿ ಎಷ್ಟೋ ಜನ ಬರಲೇ ಇಲ್ಲ. ಲೆಕ್ಚರರ್‌ಗಳನ್ನ ಮೊದಲು ಕೂರಿಸಿ, ಅವ್ರಿಗೂ ಇದನ್ನ ಅರಗಿಸಿಕೊಳ್ಳೋಕೆ ಎರಡು ದಿನ ಕೊಡಬೇಕಿತ್ತು. ಮಕ್ಕಳ ಭಯದ ಬಗ್ಗೆ ಇಷ್ಟೆಲ್ಲ ಯೋಚನೆ ಮಾಡಿದ ನಾನು ಲೆಕ್ಚರರ್ ಭಯನ ಲೆಕ್ಕಕ್ಕೇ ಹಿಡಿದಿರಲಿಲ್ಲ. ಇದು ನನ್ನದೇ ತಪ್ಪು.

ಫೇಲ್ ಆಗೋರು ಕಮ್ಮಿ ಆದ್ರಾ ಅಂತ ಎಲ್ರೂ ಕೇಳ್ತಾರೆ. ಮೊದಲನೇ ಸೆಕ್ಷನಲ್ಲಿ ಇಂಟರ್ನಲ್ಸ್ ಚೂರು ಸುಧಾರಿಸಿತು, ಆದ್ರೆ ಅದೇ ಸೆಮಿಸ್ಟರಲ್ಲಿ ಪ್ರಶ್ನೆಪತ್ರಿಕೆ ಮಾದರಿಯೂ ಬದಲಾಗಿತ್ತು, ಹಾಗಾಗಿ ಶ್ರೇಯಸ್ಸು ನಮ್ಮ ಎರಡು ಕಂಬಕ್ಕೇ ಅಂತ ನಾನು ಹೇಳಲ್ಲ. ಸ್ಫೂರ್ತಿ ಭಾಷಣದ ಪ್ಲಾನ್ ಬಿದ್ದೋಯ್ತು, ಡೌಟ್ ಗಂಟೆ ಉಳೀತು, ಇಷ್ಟು ಗ್ಯಾರಂಟಿ.

ಇಂಥ ಕೆಲಸಕ್ಕೆ ಕೈ ಹಾಕೋರಿಗೆ ಒಂದು ಮಾತು. ನಿಮ್ಮಲ್ಲಿ ಈಗಾಗ್ಲೇ ಇರೋ ಫಾರ್ಮ್ ತಗೊಂಡು ಯಾರಾದ್ರೂ ಇಬ್ರು ಮಕ್ಕಳ ಪಕ್ಕ ಕೂತು ಅವ್ರು ತುಂಬೋದನ್ನ ನೋಡಿ, ಹೊಸ ಫಾರ್ಮ್ ಬರೆಯೋ ಮುಂಚೆ. ಲ್ಯಾಬೇ ಇಲ್ಲದವನ ಆ 4 ನನಗೆ ಸಿಕ್ಕಿದ್ದು ಅಲ್ಲೇ, ವರ್ಷಗಟ್ಟಲೆಯ ಗ್ರಾಫಲ್ಲಿ ಸಿಗಲಿಲ್ಲ. ಇನ್ನು ಎರಡು ಸಲ ಕೇಳೋ ಪ್ರಶ್ನೆ ಎಲ್ಲಾ ಕಡೆ ನಡೆಯಲ್ಲ, ವೈಫೈ ಬಗ್ಗೆ ಕೇಳಿದ್ರೆ ಪ್ರಯೋಜನ ಇಲ್ಲ, ಒಬ್ಬರಿಗೊಬ್ಬರು ಮುಚ್ಚಿಡೋ ವಿಷಯಕ್ಕೆ ಮಾತ್ರ: ಒಂಟಿತನ, ಮನೆ ನೆನಪು, ಕೋರ್ಸ್ ಬದಲಾಯಿಸ್ಬೇಕು ಅನ್ನೋ ಆಸೆ. ಕಾಪಿ ವಿಷಯನೂ ಹಾಗೇ. 60ರ ದಶಕದಲ್ಲಿ ವಿಲಿಯಂ ಬೋವರ್ಸ್ 99 ಕಾಲೇಜುಗಳ 5,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನ ಕೇಳಿದಾಗ ಸುಮಾರು ಮುಕ್ಕಾಲು ಪಾಲು ಯಾವುದೋ ಒಂದು ಮೋಸ ಮಾಡಿದ್ದೀವಿ ಅಂದಿದ್ರು, ಜೊತೆಯವ್ರು ಅದನ್ನ ಎಷ್ಟು ತಪ್ಪು ಅಂತಾರೆ ಅನ್ನೋದ್ರ ಮೇಲೆ ತುಂಬಾ ನಿಂತಿತ್ತು ಅದು. ನಾಣ್ಯ ಹಾರಿಸೋ ಬದಲು ನಾವು ಅದನ್ನೂ ಎರಡು ಸಲ ಕೇಳಬಹುದಿತ್ತು, ಆಗ ಹೊಳೀಲಿಲ್ಲ.

ಮೊನ್ನೆ ಮೇಡಮ್ ಫೋನ್ ಮಾಡಿದ್ರು. ನಮ್ಮ ಎರಡು ಪ್ರಶ್ನೆ ಮ್ಯಾನೇಜ್‌ಮೆಂಟ್‌ಗೆ ಬಹಳ ಹಿಡಿಸಿದೆಯಂತೆ, ಸೆಮಿಸ್ಟರ್ ಫಾರ್ಮ್‌ಗೆ 47, 48 ಅಂತ ಸೇರಿಸಿದ್ದಾರೆ. ಲಾಗಿನ್‌ಗೆ ರೋಲ್ ನಂಬರ್ ಬೇಕು. ಏನು ಬಂತು ಮೇಡಮ್ ಅಂದೆ. ಎರಡಕ್ಕೂ 4 ಅಂದ್ರು.